ಮೂರು ಹೊತ್ತಿನ ಗಮನ, ವರ್ಷಪೂರ್ತಿ ಲಾಭ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಬೆಳಿಗ್ಗೆ ಎದ್ದರೆ ಒಲೆ, ಮಕ್ಕಳ ಬುತ್ತಿ, ಸಗಣಿ, ಹಾಲು ಕರೆಯುವುದು, ಹೊತ್ತು ಮೀರುವ ಮೊದಲು ಡೇರಿಗೆ ಓಟ. ಇಷ್ಟರ ನಡುವೆ ನಿಮಗೆ ಹೊಸ ಹೊರೆ ಬೇಡ. ಈಗ ಮಾಡುತ್ತಿರುವ ಕೆಲಸದಲ್ಲೇ ಮೂರು ಕಡೆ ಮನಸ್ಸಿಟ್ಟರೆ ಸಾಕು.

1. ಮೊದಲು ನೋಡಿ, ಆಮೇಲೆ ಗುಡಿಸಿ

ಕೊಟ್ಟಿಗೆಗೆ ಹೋದ ಕೂಡಲೇ ಪೊರಕೆ ಹಿಡಿಯಬೇಡಿ. ಐದು ನಿಮಿಷ ನಿಂತು ನೋಡಿ. ಬಾಲದ ಕೆಳಗೆ ಅಥವಾ ಮಲಗಿದ್ದ ಜಾಗದಲ್ಲಿ ತಿಳಿಯಾದ ಲೋಳೆ ಇದೆಯೇ? ರಾತ್ರಿಯ ಮೇವು ಹಾಗೇ ಉಳಿದಿದೆಯೇ? ಗುಡಿಸಿ ತೊಳೆದ ಮೇಲೆ ಈ ಗುರುತುಗಳು ಸಿಗುವುದಿಲ್ಲ. ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ನೋಡಿ.

ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಮಾತ್ರ ಇರುತ್ತದೆ. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ನಿಮ್ಮ ತಲೆಯ ಮೇಲೆಯೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಎಮ್ಮೆ ಎಷ್ಟೋ ಸಲ ಕೂಗದೆಯೇ ಬೆದೆಗೆ ಬರುತ್ತದೆ. ಕೂಗಲಿ ಎಂದು ಕಾಯಬೇಡಿ.

2. ಕರೆಯಲು ಕುಳಿತರೆ ಮಧ್ಯೆ ಏಳಬೇಡಿ

ಮೊದಲ ಎರಡು-ಮೂರು ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ರಕ್ತ ಅಥವಾ ನೀರಿನಂಥ ಹಾಲು ಕಂಡರೆ ಕೆಚ್ಚಲು ಬಾವು ಇರಬಹುದು. ಆ ಹಾಲನ್ನು ಡೇರಿಯ ಹಾಲಿಗೆ ಬೆರೆಸದೆ, ಅದೇ ದಿನ ವೈದ್ಯರಿಗೆ ತಿಳಿಸಿ.

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಹಾಲು ಇಳಿಯುವುದು ಅದರಿಂದಲೇ. ಅದರ ಬಲ ಸುಮಾರು 5ರಿಂದ 7 ನಿಮಿಷ. ನಡುವೆ ಫೋನಿಗೆಂದೋ ಒಲೆಯ ಕಡೆಗೋ ಎದ್ದು ಹೋದರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಫ್ಯಾಟ್ ಹೆಚ್ಚಿರುವುದು ಕೊನೆಯ ಹಾಲಿನಲ್ಲಿ. ಅದು ಉಳಿದರೆ ಡೇರಿಯಲ್ಲಿ ನಿಮ್ಮ ದರವೂ ಇಳಿಯುತ್ತದೆ. ಆದ್ದರಿಂದ ಫೋನನ್ನು ಮನೆಯೊಳಗೇ ಬಿಟ್ಟು ಬನ್ನಿ.

ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಗ ಹಸು ಸಗಣಿಯ ಮೇಲೆ ಮಲಗಿದರೆ ರೋಗಾಣು ಒಳಗೆ ಹೋಗುತ್ತದೆ. ಮುಂದೆ ಮೇವು ಹಾಕಿ, ಅದು ನಿಂತೇ ಇರುವಂತೆ ನೋಡಿಕೊಳ್ಳಿ.

3. ಆಗಿಂದಾಗಲೇ ಬರೆಯಿರಿ

ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಪೆನ್ಸಿಲನ್ನು ದಾರದಲ್ಲಿ ಕಟ್ಟಿಡಿ. ಬೆದೆ, ಗರ್ಭಧಾರಣೆ, ಕರು ಹಾಕಿದ್ದು, ಔಷಧಿ ಕೊಟ್ಟಿದ್ದು, ಎಲ್ಲವನ್ನೂ ಆ ತಾರೀಖಿನ ಮೇಲೆ ಬರೆಯಿರಿ. ಬರೆಯಲು ಬಾರದಿದ್ದರೆ ಒಂದೊಂದಕ್ಕೆ ಒಂದೊಂದು ಬಣ್ಣದ ಚುಕ್ಕೆ ಇಡಿ.

ಗರ್ಭಧಾರಣೆಯಾದ 18ರಿಂದ 24ನೇ ದಿನದವರೆಗೆ ಮತ್ತೆ ಬೆದೆಗೆ ಬಂತೇ ಎಂದು ನೋಡಿ. ಬಾರದಿದ್ದರೂ ಗಬ್ಬವಾಗಿದೆ ಎಂದು ನಂಬಿ ಕೂರದೆ, ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿ. ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ಗರ್ಭಧಾರಣೆಯ ತಾರೀಖು ಬರೆದಿಡದಿದ್ದರೆ ಈ ಯಾವ ಲೆಕ್ಕವೂ ಸಿಗುವುದಿಲ್ಲ.

ಚಿಕಿತ್ಸೆಗೆ ಬಂದಾಗ ನಾವು ಮೊದಲು ಕೇಳುವುದೇ "ಯಾವಾಗಿನಿಂದ ಹೀಗಿದೆ?" ಎಂದು. ಅದಕ್ಕೆ ಉತ್ತರ ಗೋಡೆಯ ಮೇಲಿದ್ದರೆ ಚಿಕಿತ್ಸೆ ಬೇಗ ದಾರಿಗೆ ಬರುತ್ತದೆ. ನೀವು ನಾಲ್ಕು ದಿನ ತವರಿಗೆ ಹೋದರೂ ಮನೆಯವರು ಅದನ್ನೇ ನೋಡಿ ಹಸುವನ್ನು ಸಂಭಾಳಿಸಬಹುದು. ಎಲ್ಲವನ್ನೂ ನಿಮ್ಮೊಬ್ಬರ ತಲೆಯಲ್ಲೇ ಹೊತ್ತು ತಿರುಗುವುದು ತಪ್ಪುತ್ತದೆ.