ಸಾಕಿದವರ ಹೊಣೆ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲೆಲ್ಲ ನಾಯಿಯೇ ಮೊದಲನೆಯದು. ತೋಳದ ಕುಲದಿಂದ ಬಂದ ಈ ಪ್ರಾಣಿ, ಮನುಷ್ಯನು ಬೇಸಾಯವನ್ನು ಕಲಿಯುವುದಕ್ಕೂ ಮುಂಚೆಯೇ ಅವನ ಜೊತೆಗೂಡಿತು. ಅಂದಿನಿಂದ ಬೇಟೆಯಲ್ಲಿ ನೆರವಾಗಿ, ಕುರಿಹಿಂಡನ್ನು ಕಾಯ್ದು, ಇರುಳಿನಲ್ಲಿ ಎಚ್ಚರವಾಗಿದ್ದು ಅದು ಮನುಷ್ಯನ ಸೇವೆಯನ್ನು ಮಾಡುತ್ತ ಬಂದಿದೆ.

ಈ ಬಾಂಧವ್ಯಕ್ಕೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನವು ಕಾಳಿ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಗಂಗ ದೊರೆ ಇಮ್ಮಡಿ ಬೂತುಗನ ಸೇವೆಯಲ್ಲಿದ್ದ ಮಣಲೆರನೆಂಬ ವೀರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಅವನು ಬೇಡಿದುದು ಕಾಳಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರೊಡನೆ ಸೆಣಸಿತು. ಹೋರಾಟದಲ್ಲಿ ಎರಡೂ ಸತ್ತವು. ಕಾಳಿಯ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಆ ಭೂಮಿಯನ್ನು ನೋಡಿಕೊಳ್ಳುವವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂಬುದು ಶಾಸನದ ಕಟ್ಟಳೆ. ಈ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತಾನು ಉಣ್ಣುವ ಮೊದಲು ನಾಯಿಯನ್ನು ನೆನೆಯಬೇಕೆಂಬ ಈ ಕಟ್ಟಳೆಯಲ್ಲಿ ದೊಡ್ಡ ಅರ್ಥವಿದೆ. ಸತ್ತ ನಾಯಿಗೆ ಸಲ್ಲಿಸಬೇಕಾದ ಋಣವೇ ಇಷ್ಟಾದರೆ, ಮನೆಯಂಗಳದಲ್ಲಿ ಬದುಕಿರುವ ನಾಯಿಗೆ ಸಲ್ಲಿಸಬೇಕಾದುದು ಇನ್ನೆಷ್ಟು?

ನಾಯಿಮರಿಯನ್ನು ತರುವುದು ಒಂದು ದಿನದ ಸಂತೋಷ. ಸಾಕುವುದು ಹತ್ತು ಹನ್ನೆರಡು ವರ್ಷಗಳ ಹೊಣೆ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಕಾಲದಲ್ಲಿ ಅದು ಕಂಡ ಜನರಿಗೂ ಕೇಳಿದ ಸದ್ದುಗಳಿಗೂ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆ ಕಾಲದಲ್ಲಿ ಹೊಡೆತ ಬೆದರಿಕೆಗಳನ್ನಷ್ಟೇ ಕಂಡ ಮರಿ ಮುಂದೆ ಅಂಜುಬುರುಕ ನಾಯಿಯಾಗುವುದುಂಟು. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ತೇಕುತ್ತಲೇ ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಆದುದರಿಂದ ನೆರಳು ಮತ್ತು ಕುಡಿಯುವ ನೀರು ಅದಕ್ಕೆ ಯಾವಾಗಲೂ ದೊರೆಯುವಂತಿರಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ಅದಕ್ಕೆ ವಿಷಕಾರಿ ಎಂಬುದನ್ನೂ ಮನೆಮಂದಿ ತಿಳಿದಿರಬೇಕು.

ನಾಯಿಯನ್ನು ಹಗಲಿರುಳು ಕಟ್ಟಿಹಾಕಿದರೆ ಅದು ಒಳ್ಳೆಯ ಕಾವಲುಗಾರನಾಗುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಹಾಗೆ ಕಟ್ಟಿದ ನಾಯಿಯಲ್ಲಿ ಬೆಳೆಯುವುದು ಎಚ್ಚರವಲ್ಲ, ಭಯ ಮತ್ತು ಸಿಟ್ಟು. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯನ್ನು ತೀರ ಗಿಡ್ಡವಾದ ಅಥವಾ ತೀರ ಭಾರವಾದ ಸರಪಣಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅಪರಾಧವೇ.

ನಾಯಿಗೆ ಮಾತು ಬಾರದು. ಆದರೆ ಅದರ ಮೈಯೆಲ್ಲ ಮಾತಾಡುತ್ತದೆ. ಬಾಲವನ್ನು ಕಾಲುಗಳ ನಡುವೆ ಅಡಗಿಸುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ಇವು ಅಂಜಿಕೆಯ ಗುರುತುಗಳು. ಮೈ ಬಿಗಿದು ನೆಟ್ಟ ನೋಟದಿಂದ ನಿಂತ ನಾಯಿ ಬಾಲವನ್ನು ಅಲುಗಿಸುತ್ತಿದ್ದರೂ ಅದು ಸಂತೋಷವಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಕೈಚಾಚುವುದು ಅಪಾಯಕರ. ನಾಯಿ ಗುರುಗುಟ್ಟುವುದು ‘ದೂರವಿರು’ ಎಂಬ ಎಚ್ಚರಿಕೆ. ಅದಕ್ಕಾಗಿ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು. ಅದರ ಭಯ ಹೋಗುವುದಿಲ್ಲ. ಮುಂದೊಮ್ಮೆ ಅದು ಎಚ್ಚರಿಸದೆಯೇ ಕಚ್ಚೀತು. ಉಣ್ಣುತ್ತಿರುವ, ಮಲಗಿರುವ, ಮರಿಗಳೊಡನೆ ಇರುವ ನಾಯಿಯನ್ನು ಮಕ್ಕಳು ಕೆಣಕಬಾರದು.

ಈ ಎಚ್ಚರ ನಾಯಿಯ ಹಿತಕ್ಕೆ ಮಾತ್ರವಲ್ಲ, ಮನುಷ್ಯನ ಪ್ರಾಣಕ್ಕೂ ಸಂಬಂಧಿಸಿದುದು. ರೇಬಿಸ್ ರೋಗವು ಮನುಷ್ಯರಿಗೆ ಹೆಚ್ಚಾಗಿ ನಾಯಿಯ ಕಡಿತದಿಂದಲೇ ತಗಲುತ್ತದೆ. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ಆದರೆ ಅದಕ್ಕೆ ಮೊದಲೇ ಅದನ್ನು ತಡೆಯಬಹುದು. 1885ರ ಜುಲೈ 6ರಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ತನ್ನ ಲಸಿಕೆಯನ್ನು ಕೊಡಿಸಲಾರಂಭಿಸಿದನು, ಬಾಲಕ ಬದುಕಿದನು. ಇಂದು ನಾಯಿ ಕಚ್ಚಿದ ಗಾಯವನ್ನು ಕೂಡಲೇ 15 ನಿಮಿಷಗಳ ಕಾಲ ಸಾಬೂನು ಹಾಗೂ ಹರಿಯುವ ನೀರಿನಿಂದ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸುಣ್ಣ, ಖಾರದಪುಡಿ ಮುಂತಾದುವನ್ನು ಗಾಯಕ್ಕೆ ಹಚ್ಚಬಾರದು. ಸಾಕಿದವರು ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಹಾಕಿಸುತ್ತಿರಬೇಕು. ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕಾದರೂ ಲಸಿಕೆ ಬಿದ್ದರೆ ಅಲ್ಲಿ ಈ ರೋಗದ ಹರಡುವಿಕೆಯನ್ನು ತಡೆಯಬಹುದು. ಹೀಗಾಗಿ ಒಬ್ಬನು ತನ್ನ ನಾಯಿಗೆ ಹಾಕಿಸುವ ಲಸಿಕೆ ಊರಿಗೇ ರಕ್ಷಣೆ.

ನಾಯಿ ಮುದಿಯಾಯಿತೆಂದೋ ರೋಗಿಯಾಯಿತೆಂದೋ ಬೀದಿಗೆ ಬಿಡುವವರಿದ್ದಾರೆ. ಬೇಡದ ಮರಿಗಳನ್ನು ಸಂತೆಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ಮನೆಯನ್ನೇ ನಂಬಿ ಬೆಳೆದ ಪ್ರಾಣಿಗೆ ಬೀದಿಯಲ್ಲಿ ಅನ್ನ ಹುಡುಕುವ ಬಗೆ ತಿಳಿಯದು. ಹಾಗೆ ಬಿಟ್ಟ ಮರಿಗಳಲ್ಲಿ ಕೆಲವು ಹಸಿದು ಸಾಯುತ್ತವೆ. ಉಳಿದವು ಬೀದಿನಾಯಿಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಮರಿಗಳು ಬೇಡವಾದವರು ಪಶುವೈದ್ಯರಿಂದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದೇ ಸರಿಯಾದ ದಾರಿ.

ಜೀವಿಗಳಲ್ಲಿ ಅನುಕಂಪವಿರಬೇಕಾದುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಭಾರತದ ಸಂವಿಧಾನವೇ ಹೇಳಿದೆ. ನಾಯಿ ತನ್ನ ಒಡೆಯನನ್ನು ಆರಿಸಿಕೊಳ್ಳಲಾರದು, ಒಡೆಯನು ತಪ್ಪಿ ನಡೆದರೆ ದೂರು ಕೊಡಲಾರದು. ಅದಕ್ಕೆ ದೂರು ಕೊಡುವ ಶಕ್ತಿಯಿಲ್ಲದ ಕಾರಣದಿಂದಲೇ ಸಾಕಿದವರ ಹೊಣೆ ಹೆಚ್ಚಿನದು.