ನಿಂಬೆ ನೀರು ಸರಿ, ಆದರೆ ನೀರು ಯಾವುದು?

ಶಿಡ್ಲಘಟ್ಟದ ಸಹೋದರಿಗೆ,

ರೀಲಿಂಗ್ ಘಟಕದ ಹಬೆಯಲ್ಲಿ ದಿನವಿಡೀ ಬೆವರುವ ನಿಮಗೆ ನಿಂಬೆ ನೀರು ಹಿತವೆನಿಸುವುದು ಸಹಜ. ಬಾಟಲಿ ಜ್ಯೂಸ್‌ಗಿಂತ ಅದು ಎಷ್ಟೋ ಮೇಲು. ಅದರ ಸಿಟ್ರೇಟ್ ಅಂಶ ಕೆಲವು ಬಗೆಯ ಮೂತ್ರಪಿಂಡದ ಕಲ್ಲು ಕಟ್ಟದಂತೆ ನೆರವಾಗುತ್ತದೆ. ಬೊಜ್ಜು ಮಾತ್ರ ಅದರಿಂದ ಕರಗುವುದಿಲ್ಲ.

ನನಗೆ ಆತಂಕ ತಂದದ್ದು ನಿಮ್ಮ ಅತ್ತೆಯವರ ಮಾತು. ನಿಂಬೆ ಹಿಂಡಿದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಹೋಗುತ್ತದೆ ಎಂದಿದ್ದಾರೆ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರ ನಿಂಬೆಹುಳಿಗೆ ಬಿಡುವುದನ್ನು ನೋಡಿ ಹಾಗನ್ನಿಸಿರಬಹುದು. ಅದು ಸುಣ್ಣದಂಶ. ಫ್ಲೋರೈಡ್ ನಿಂಬೆಗೂ ಹೋಗದು, ಕಾಯಿಸಿದರೂ ಹೋಗದು. ಚಿಂತಾಮಣಿ, ಗೌರಿಬಿದನೂರು ಸೇರಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಆಳದ ಕೊಳವೆಬಾವಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ, ಮಕ್ಕಳಿಗಂತೂ ತಪ್ಪದೇ.

ಇನ್ನು ನೀವು ಬರೆದ ಹಲ್ಲು ಜುಮ್ಮೆನ್ನುವ ವಿಷಯ. ಕಡಪಾ ಕಲ್ಲಿನ ಮೇಲೆ ನಿಂಬೆ ಹೋಳು ಬಿಟ್ಟರೆ ಅಳಿಸಲಾಗದ ಕಲೆ ಉಳಿಯುತ್ತದಲ್ಲ, ದಂತಕವಚವನ್ನೂ ಹುಳಿ ಹಾಗೆಯೇ ತಿನ್ನುತ್ತದೆ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯಬೇಡಿ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲುಜ್ಜಲು ಅರ್ಧ ಗಂಟೆ ಕಾಯಿರಿ. ನೀವು ಹೇಳಿದ ಎದೆಯುರಿ ಇರುವವರೆಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ನೀರು ಬೇಡವೇ ಬೇಡ. ಎರಡು ವಾರದಲ್ಲಿ ಉರಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಬಿಪಿ ಇದ್ದರೆ ಉಪ್ಪು ಬೆರೆಸಬೇಡಿ.

ರಕ್ತ ಕಡಿಮೆ ಎಂದು ಬರೆದಿದ್ದೀರಿ. ಹಾಗಾದರೆ ಆ ನಿಂಬೆಯನ್ನು ಮಧ್ಯಾಹ್ನದ ಮುದ್ದೆಯ ಜೊತೆಗಿನ ಸೊಪ್ಪಿನ ಪಲ್ಯಕ್ಕೆ ಹಿಂಡಿ. ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ಸಿ ಜೀವಸತ್ವ ನೆರವಾಗುತ್ತದೆ. ಊಟದ ಬೆನ್ನಲ್ಲೇ ಕಾಫಿ, ಟೀ ಕುಡಿಯಬೇಡಿ.