ವ್ಯಾಪಾರ ರಹಸ್ಯ ಬೇರೆ, ಅಪಾಯದ ಅರಿವು ಬೇರೆ

ಉತ್ಪಾದನಾ ವಿಧಾನವನ್ನು ಗೋಪ್ಯವಾಗಿಡುವುದು ಉದ್ಯಮಿಯ ಹಕ್ಕು. ಆದರೆ ಪ್ರಾಣಾಪಾಯ ತರಬಲ್ಲ ದೋಷದ ಅರಿವನ್ನೂ ಅದೇ ಖಾತೆಗೆ ಸೇರಿಸಬಹುದೇ? ನಮ್ಮ ವ್ಯವಹಾರಕ್ಕೆ ದೂರವೆನಿಸುವ ಕ್ಷೇತ್ರವೊಂದು ಇದಕ್ಕೆ ಉತ್ತರ ನೀಡುತ್ತದೆ.

ಯೂರೋಪ್ ಹಾಗೂ ಅಮೆರಿಕಗಳಲ್ಲಿ ಕೆಲವು ಸ್ಕೂಬಾ ಡೈವಿಂಗ್ ಹವ್ಯಾಸಿಗಳು ‘ರೀಬ್ರೀದರ್’ ಎಂಬ ಉಸಿರಾಟದ ಉಪಕರಣವನ್ನು ಸ್ವತಃ ತಯಾರಿಸಿಕೊಳ್ಳುತ್ತಾರೆ. ಹೊರಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಹೀರಿಕೊಳ್ಳುತ್ತದೆ. ವ್ಯಯವಾದಷ್ಟು ಆಮ್ಲಜನಕವನ್ನು ಸೇರಿಸಿ ಅದೇ ಅನಿಲವನ್ನು ಮರಳಿ ಉಸಿರಾಡಲಾಗುತ್ತದೆ. ಆಮ್ಲಜನಕದ ಆಂಶಿಕ ಒತ್ತಡವು 0.16 ಬಾರ್‌ಗಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುವ, 1.6 ಬಾರ್ ಮೀರಿದರೆ ಸೆಳೆತ ಬಂದು ಮುಳುಗುವ ಅಪಾಯವಿದೆ. ಮುನ್ಸೂಚನೆಯೇ ದೊರೆಯದಿರಬಹುದು.

ಆದುದರಿಂದ ಸಾಮಾನ್ಯವಾಗಿ 3 ಆಮ್ಲಜನಕ ಸಂವೇದಕಗಳನ್ನು ಅಳವಡಿಸಿ, ಒಂದರ ಅಳತೆ ಉಳಿದೆರಡಕ್ಕಿಂತ ಭಿನ್ನವಾದರೆ ಅದನ್ನು ಕೈಬಿಡುತ್ತಾರೆ. ಲೆಕ್ಕಪರಿಶೋಧಕನಿಗೆ ಇಲ್ಲಿಯೇ ದೌರ್ಬಲ್ಯ ಕಾಣುತ್ತದೆ. ಒಂದೇ ಬ್ಯಾಚಿನ ಸಂವೇದಕಗಳು ಒಟ್ಟಿಗೆ ಸವೆದು ಒಂದೇ ಬಗೆಯ ತಪ್ಪು ತೋರಿಸಬಹುದು. ಆಗ ತಪ್ಪಾದ ಎರಡು ಸರಿಯಾದ ಒಂದನ್ನು ಸೋಲಿಸುತ್ತವೆ. ಒಬ್ಬನೇ ಗುಮಾಸ್ತ ಬರೆದ 3 ಪುಸ್ತಕಗಳು ಪರಸ್ಪರ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ಹೇಳಲಾಗದು.

ಮಾರಾಟದ ರೀಬ್ರೀದರ್‌ಗಳಿಗೆ ಯೂರೋಪಿನಲ್ಲಿ ಇಎನ್ 14143 ಎಂಬ ಮಾನಕವಿದೆ. ಸ್ವಂತಕ್ಕೆ ತಯಾರಿಸಿದ ಒಂಟಿ ಉಪಕರಣಕ್ಕೆ ಅಂಥ ಪೂರ್ಣ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ. ಹೀಗಾಗಿ ಇತರ ತಯಾರಕರ ಅನುಭವವೇ ಹವ್ಯಾಸಿಗೆ ದೊಡ್ಡ ಆಸರೆ. ಒಬ್ಬನು ಕಂಡ ದೋಷವನ್ನು ಸಂಕೋಚದಿಂದಲೋ ಪ್ರತಿಷ್ಠೆಯಿಂದಲೋ ಮುಚ್ಚಿಟ್ಟರೆ, ಮುಂದಿನವನು ಅದನ್ನು ನೀರಿನಾಳದಲ್ಲಿ ಕಂಡುಕೊಳ್ಳಬೇಕಾಗುತ್ತದೆ. ಹಾಗೆಂದು ‘ನನ್ನದು ಸರಿಯಾಗಿ ಕೆಲಸ ಮಾಡಿತು’ ಎಂದಷ್ಟೇ ತಿಳಿಸುವುದೂ ಸಾಲದು. ಆಳ, ನೀರಿನ ಉಷ್ಣತೆ, ಬಿಡಿಭಾಗದ ವಯಸ್ಸು ತಿಳಿಸದ ಸಲಹೆಯು ವೋಚರ್ ಇಲ್ಲದ ನಮೂದಿನಂತೆ.

ಬಾಯ್ಲರ್, ಗ್ಯಾಸ್ ಸಿಲಿಂಡರ್, ಪವರ್ ಪ್ರೆಸ್‌ಗಳೊಡನೆ ದುಡಿಯುವ ಸಣ್ಣ ಘಟಕಗಳು ಇದರಿಂದ ಕಲಿಯಬೇಕಾದುವು:

1. ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನೂ ಅಂದೇ ದಾಖಲಿಸತಕ್ಕದ್ದು.

2. ಏನಾಯಿತು ಎಂಬುದರೊಡನೆ ಯಾವ ಸ್ಥಿತಿಯಲ್ಲಿ ಆಯಿತು, ಏನನ್ನು ಬದಲಿಸಲಾಯಿತು ಎಂಬುದನ್ನೂ ಬರೆಯತಕ್ಕದ್ದು.

3. ತಿಳಿಸಿದವರ ಹೆಸರನ್ನು ಗೋಪ್ಯವಾಗಿಟ್ಟು, ವಿಷಯವನ್ನು ಸಮಾನ ವೃತ್ತಿಯವರಿಗೆ ತಲುಪಿಸತಕ್ಕದ್ದು. ಅಮೆರಿಕದ ವಿಮಾನಯಾನ ಕ್ಷೇತ್ರದಲ್ಲಿ ನಾಸಾ ಸಂಸ್ಥೆಯು 1976ರಿಂದ ಇಂಥ ವ್ಯವಸ್ಥೆಯನ್ನು ನಡೆಸುತ್ತಿದೆ.

ವಿನ್ಯಾಸ, ದರ, ಗ್ರಾಹಕರ ವಿವರಗಳು ಗೋಪ್ಯವಾಗಿರಲಿ. ಅಪಾಯದ ಅರಿವು ಮಾತ್ರ ವೃತ್ತಿಬಾಂಧವರೆಲ್ಲರ ಜಂಟಿ ಖಾತೆಯಲ್ಲಿರಲಿ.